ಮುಯ್ಯಿಗೆ ಬಂದ ಮಿಕ್ಸಿ ಕೆಟ್ಟರೆ ಯಾರನ್ನು ಕೇಳೋದು?

ಪ್ರಶ್ನೆ: ನಾವು ಮಂಡ್ಯದವರು. ಹೋದ ತಿಂಗಳು ನಮ್ಮ ಮನೆಯ ಗೃಹಪ್ರವೇಶ ಆಯಿತು. ಯಜಮಾನರ ಸೋದರಮಾವ ಮೈಸೂರಿನ ಒಂದು ಅಂಗಡಿಯಿಂದ ಮಿಕ್ಸಿ ತಂದು ಮುಯ್ಯಿ ಮಾಡಿದ್ದರು. ಬಳಸಲು ಶುರು ಮಾಡಿದ ಎರಡನೇ ವಾರಕ್ಕೇ ಸುಟ್ಟ ವಾಸನೆ ಬಂದು ನಿಂತುಹೋಯಿತು. ಅಂಗಡಿಗೆ ತೆಗೆದುಕೊಂಡು ಹೋದರೆ, 'ಬಿಲ್ ಇಲ್ಲ, ಕೊಂಡವರು ನೀವಲ್ಲ. ಅವರನ್ನೇ ಕರ್ಕೊಂಡು ಬನ್ನಿ, ಇಲ್ಲಾಂದ್ರೆ ಕಂಪನಿ ಸರ್ವಿಸ್ ಸೆಂಟರ್‌ಗೆ ಹೋಗಿ' ಅಂದುಬಿಟ್ಟರು. ಮಾವನವರ ಹತ್ತಿರ ಬಿಲ್ ಕೇಳೋಕೆ ಮುಜುಗರ. ನಾದಿನಿ ಕೊಟ್ಟ ರೇಷ್ಮೆ ಸೀರೆಯ ಬಣ್ಣ ನನಗೆ ಒಪ್ಪುವುದಿಲ್ಲ, ಬದಲಾಯಿಸಬಹುದಾ? ನನ್ನ ತಮ್ಮ ಬೆಂಗಳೂರಿನಿಂದ ಆನ್‌ಲೈನ್‌ನಲ್ಲಿ ಕಳಿಸಿದ ಗೋಡೆ ಗಡಿಯಾರ ಹೇಳಿದ ದಿನಕ್ಕೆ ಬರಲಿಲ್ಲ, ಮೊನ್ನೆ ಬಂತು, ಗಾಜು ಒಡೆದಿತ್ತು. ಎರಡು ಜೊತೆ ಬೆಳ್ಳಿ ದೀಪವೂ ಬಂದಿವೆ. ಒಂದು ಜೊತೆ ವಾಪಸ್ ಕೊಡೋಣ ಅಂದರೆ ಅಂಗಡಿಯವರು ಮಜೂರಿ ಕಳೆಯುತ್ತೇವೆ ಅನ್ನುತ್ತಾರೆ. ಇದು ನ್ಯಾಯವಾ? ಏನು ಮಾಡಲಿ?
ಓದುಗರೊಬ್ಬರು, ಮಂಡ್ಯ

ಉತ್ತರ: ಮೊದಲು ಗಡಿಯಾರದ ಕೆಲಸ ಮುಗಿಸಿ. ಮಿಕ್ಸಿ, ಸೀರೆ, ದೀಪ ನಾಳೆ ನೋಡಬಹುದು. ಆನ್‌ಲೈನ್ ಮಳಿಗೆಗಳು ವಾಪಸ್ ಪಡೆಯೋಕೆ ಕೊಡುವ ಗಡುವು ಬಹಳ ಕಡಿಮೆ. ಎಷ್ಟೋ ಸಾಮಾನಿಗೆ ಏಳೇ ದಿನ. ಅದು ಮುಗಿದ ಮೇಲೆ ಆ್ಯಪಿನಲ್ಲಿ ವಾಪಸ್ ಮಾಡುವ ಬಟನ್ನೇ ಕಾಣುವುದಿಲ್ಲ. ಆಮೇಲೂ ಹಕ್ಕು ಇರುತ್ತದೆ, ಆದರೆ ಓಡಾಟ ಜಾಸ್ತಿ ಆಗುತ್ತದೆ.

ಇವತ್ತೇ ತಮ್ಮನಿಗೆ ಫೋನ್ ಮಾಡಿ. ಆರ್ಡರ್ ಅವರ ಖಾತೆಯಲ್ಲಿದೆ, ಹಾಗಾಗಿ ದೂರು ಅಲ್ಲಿಂದಲೇ ಹೋಗುವುದು ಸುಲಭ. ಒಡೆದ ಗಾಜು, ಹೊರಗಿನ ಡಬ್ಬ, ಡಬ್ಬದ ಮೇಲೆ ಅಂಟಿಸಿದ ವಿಳಾಸದ ಚೀಟಿ, ಮೂರರ ಫೋಟೋನೂ ತೆಗೆದು ಅವರಿಗೆ ಕಳಿಸಿ. ಡಬ್ಬ ಬಿಚ್ಚುವಾಗ ವಿಡಿಯೋ ಮಾಡಲಿಲ್ಲವಲ್ಲ ಅಂತ ಹೆದರಬೇಡಿ. ವಿಡಿಯೋ ಇಲ್ಲದಿದ್ದರೆ ವಾಪಸ್ ಇಲ್ಲ ಅಂತ ಕೆಲವು ಮಾರಾಟಗಾರರು ಹೇಳುತ್ತಾರೆ. ಹಾಗೆ ಕಾನೂನಿನಲ್ಲಿ ಎಲ್ಲೂ ಬರೆದಿಲ್ಲ. ಇದ್ದರೆ ನಿಮ್ಮ ಮಾತಿಗೆ ಬಲ ಬರುತ್ತದೆ, ಅಷ್ಟೇ.

2020ರ ಜುಲೈನಲ್ಲಿ ಕೇಂದ್ರ ಸರ್ಕಾರ ಇ-ಕಾಮರ್ಸ್ ನಿಯಮಗಳನ್ನು ತಂದಿತು. ಆನ್‌ಲೈನ್‌ನಲ್ಲಿ ಮಾರಿದ ವಸ್ತುವಿನಲ್ಲಿ ದೋಷ ಇದ್ದರೆ, ನಕಲಿ ಆಗಿದ್ದರೆ, ಜಾಹೀರಾತಿನಲ್ಲಿ ಹೇಳಿದಂತೆ ಇಲ್ಲದಿದ್ದರೆ, ಅಥವಾ ಹೇಳಿದ ದಿನಕ್ಕಿಂತ ತಡವಾಗಿ ಬಂದರೆ, ಮಾರಿದವರು ವಾಪಸ್ ಪಡೆಯಲ್ಲ, ಹಣ ಕೊಡಲ್ಲ ಅನ್ನುವಂತಿಲ್ಲ. ಪ್ರವಾಹದಂಥ ಕೈಮೀರಿದ ಕಾರಣದಿಂದ ತಡವಾದರೆ ಮಾತ್ರ ವಿನಾಯಿತಿ. ನಿಮ್ಮ ಗಡಿಯಾರ ತಡವಾಗಿಯೂ ಬಂದಿದೆ, ಒಡೆದೂ ಬಂದಿದೆ. ಎರಡೂ ಕಾರಣ ಬರೆಸಿ. ಆ್ಯಪಿನಲ್ಲಿ ಕೆಲಸ ಆಗದಿದ್ದರೆ ಆ ಮಳಿಗೆಯ ಕುಂದುಕೊರತೆ ಅಧಿಕಾರಿಗೆ ಇಮೇಲ್ ಮಾಡಲಿ. ಅವರ ಹೆಸರು, ಸಂಪರ್ಕ ವಿವರ ವೆಬ್‌ಸೈಟಿನಲ್ಲಿ ಇರಲೇಬೇಕು. ದೂರು ಬಂದಿದೆ ಅಂತ 48 ಗಂಟೆಯೊಳಗೆ ತಿಳಿಸಬೇಕು, ಒಂದು ತಿಂಗಳೊಳಗೆ ಬಗೆಹರಿಸಬೇಕು. ಇದು ಅದೇ ನಿಯಮದಲ್ಲಿರುವ ಲೆಕ್ಕ.

ಹಣ ವಾಪಸ್ ಕೇಳಿದರೆ ಸಾಮಾನ್ಯವಾಗಿ ಅದು ಕೊಟ್ಟ ದಾರಿಯಲ್ಲೇ ಹೋಗುತ್ತದೆ, ಅಂದರೆ ತಮ್ಮನ ಖಾತೆಗೆ. ನಿಮಗೆ ಗಡಿಯಾರವೇ ಬೇಕಿದ್ದರೆ ಬದಲಿ ಕಳಿಸಿ ಅಂತ ಕೇಳಿಸಿ.

ಈಗ ಮಿಕ್ಸಿ. ಬೈಕೊಂಡು ಅಂಗಡಿಗೆ ಹೋಗುವ ಮೊದಲು ಅದನ್ನು ತಲೆಕೆಳಗು ಮಾಡಿ ತಳ ನೋಡಿ. ಬಹಳಷ್ಟು ಮಿಕ್ಸಿಗಳ ತಳದಲ್ಲಿ ಸಣ್ಣ ಗುಂಡಿ ಇರುತ್ತದೆ, ಹೆಚ್ಚಾಗಿ ಕೆಂಪು ಬಣ್ಣದ್ದು. ಗಟ್ಟಿ ಹಿಟ್ಟೋ, ತೆಂಗಿನಕಾಯಿ ಹೋಳೋ ಜಾಸ್ತಿ ಹಾಕಿದಾಗ ಮೋಟಾರು ಸುಡಬಾರದು ಅಂತ ಅದು ತಾನಾಗಿ ಕರೆಂಟ್ ಕಡಿದುಬಿಡುತ್ತದೆ. ಸ್ವಲ್ಪ ಹೊತ್ತು ತಣ್ಣಗಾಗಲು ಬಿಟ್ಟು ಒತ್ತಿದರೆ ಮತ್ತೆ ಓಡುತ್ತದೆ. ಹೊಸ ಮೋಟಾರಿನ ವಾರ್ನಿಶ್ ಬಿಸಿಯಾಗಿ ಮೊದಮೊದಲು ವಾಸನೆ ಬರುವುದೂ ಉಂಟು. ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ಅಂಗಡಿಯಲ್ಲಿ ನಾಲ್ಕು ಜನರ ಮುಂದೆ ಹುಡುಗ ಬಂದು ಆ ಗುಂಡಿ ಒತ್ತಿ ಓಡಿಸಿಬಿಟ್ಟರೆ ನಮ್ಮ ಮುಖ ಸಣ್ಣದಾಗುತ್ತದೆ, ಅಲ್ವಾ? ಒತ್ತಿದರೂ ಓಡದಿದ್ದರೆ, ಅಥವಾ ಓಡಿ ಮತ್ತೆ ಸುಟ್ಟ ವಾಸನೆ ಬಂದರೆ, ಅಲ್ಲಿಗೆ ನಿಲ್ಲಿಸಿ. ಪಕ್ಕದ ಬೀದಿಯ ಮೆಕ್ಯಾನಿಕ್ ಕೈಗೆ ಮಾತ್ರ ಕೊಡಬೇಡಿ. ಹೊರಗಿನವರು ಬಿಚ್ಚಿದ್ದಾರೆ ಅಂತ ಕಂಪನಿಯವರು ವಾರಂಟಿ ತಳ್ಳಿಹಾಕುತ್ತಾರೆ. ದೋಷ ಮೊದಲಿಂದಲೇ ಇತ್ತು ಅಂತ ತೋರಿಸುವ ಸಾಕ್ಷಿಯೂ ಹೋಗುತ್ತದೆ.

'ಕೊಂಡವರು ನೀವಲ್ಲ' ಅನ್ನುವ ಮಾತಿಗೆ ಬರೋಣ. ಇದು ಅಂಗಡಿಯವರು ಬಹಳ ವರ್ಷದಿಂದ ಹೇಳಿಕೊಂಡು ಬಂದಿರುವ ಮಾತು, ಬಹಳ ವರ್ಷದಿಂದಲೂ ತಪ್ಪೇ. ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ ಸೆಕ್ಷನ್ 2(7)ರಲ್ಲಿ ಗ್ರಾಹಕ ಅಂದರೆ ಯಾರು ಅಂತ ಹೇಳಿದೆ. ದುಡ್ಡು ಕೊಟ್ಟು ಕೊಂಡವರು ಗ್ರಾಹಕರು. ಅವರ ಒಪ್ಪಿಗೆಯಿಂದ ಆ ವಸ್ತುವನ್ನು ಬಳಸುವವರೂ ಗ್ರಾಹಕರೇ. ಮತ್ತೆ ಮಾರೋಕೆ, ವ್ಯಾಪಾರಕ್ಕೆ ಅಂತ ಕೊಂಡಿರಬಾರದು, ಅಷ್ಟೇ ಷರತ್ತು. 1986ರ ಹಳೆಯ ಕಾಯ್ದೆಯಲ್ಲೂ ಇದೇ ಇತ್ತು. ಸೋದರಮಾವ ಮಿಕ್ಸಿ ಕೊಂಡರು, ನಿಮ್ಮ ಕೈಗೆ ಕೊಟ್ಟು ಬಳಸಿ ಅಂದರು. ಇದಕ್ಕಿಂತ ದೊಡ್ಡ ಒಪ್ಪಿಗೆ ಇನ್ನೇನು ಬೇಕು? ಅವರನ್ನು ಮೈಸೂರಿಗೆ ಕರೆದುಕೊಂಡು ಹೋಗುವ ಅಗತ್ಯ ಇಲ್ಲ.

'ಕಂಪನಿ ಸರ್ವಿಸ್ ಸೆಂಟರ್‌ಗೆ ಹೋಗಿ' ಅನ್ನುವುದು ಅರ್ಧ ಸರಿ. ವಾರಂಟಿ ಕೊಡುವುದು ಕಂಪನಿ, ರಿಪೇರಿ ಮಾಡುವುದು ಅವರ ಸೆಂಟರ್. ಆದರೆ ಮಾರಿದವರು ಕೈತೊಳೆದುಕೊಳ್ಳುವಂತಿಲ್ಲ. ದೋಷವಿರುವ ಮಾಲನ್ನು ವಾಪಸ್ ಪಡೆದು ಹಣ ಕೊಡಲು ನಿರಾಕರಿಸುವುದನ್ನು ಅದೇ ಕಾಯ್ದೆಯ ಸೆಕ್ಷನ್ 2(47) ಅನುಚಿತ ವ್ಯಾಪಾರ ಪದ್ಧತಿ ಅನ್ನುತ್ತದೆ. ಬಿಲ್ಲಿನಲ್ಲಿ ಅವಧಿ ಬರೆದಿದ್ದರೆ ಆ ಅವಧಿ, ಏನೂ ಬರೆದಿಲ್ಲದಿದ್ದರೆ 30 ದಿನ. ಆ 30 ದಿನವನ್ನು ಮಾವ ಕೊಂಡ ದಿನದಿಂದ ಲೆಕ್ಕ ಹಾಕಿ, ನೀವು ಡಬ್ಬ ತೆರೆದ ದಿನದಿಂದಲ್ಲ. ಗೃಹಪ್ರವೇಶ ಆಗಿದ್ದು ಹೋದ ತಿಂಗಳು ಅಂತೀರಿ. ಹಾಗಾದರೆ ನಿಮ್ಮ ಗಡುವು ಹತ್ತಿರ ಇದೆ. ಈ ವಾರವೇ ಬರವಣಿಗೆಯಲ್ಲಿ ದೂರು ಕೊಡಿ.

ನಮ್ಮ ಕಡೆ ಇದೇ ತೊಂದರೆ. ಮುಯ್ಯಿಗೆ ಬಂದದ್ದನ್ನು ಡಬ್ಬದ ಸಮೇತ ಅಟ್ಟಕ್ಕೆ ಹಾಕುತ್ತೇವೆ. ಹಳೆಯದು ಕೆಟ್ಟಾಗ ಇಳಿಸುತ್ತೇವೆ. ಅಷ್ಟರಲ್ಲಿ ವಾರಂಟಿಯೇ ಅರ್ಧ ಕಳೆದಿರುತ್ತದೆ, ಯಾಕೆಂದರೆ ಅದೂ ಸಾಮಾನ್ಯವಾಗಿ ಬಿಲ್ಲಿನ ದಿನದಿಂದಲೇ ಶುರು. ನೀವು ಬೇಗ ತೆಗೆದು ಬಳಸಿದ್ದು ಒಳ್ಳೆಯದಾಯಿತು. ಕರೆಂಟಿನ ಸಾಮಾನು ಬಂದರೆ ಒಂದು ಸಲವಾದರೂ ಓಡಿಸಿ ನೋಡಿ, ಆಮೇಲೆ ಬೇಕಾದರೆ ಅಟ್ಟಕ್ಕೆ ಹಾಕಿ.

ಇನ್ನು ಬಿಲ್ಲು. ನಿಮ್ಮ ಪತ್ರದಲ್ಲಿ ನಿಜವಾದ ಕಷ್ಟ ಇದೇ ಅಂತ ನನಗೆ ಅನ್ನಿಸಿತು. ಬಿಲ್ ಕೇಳಿದರೆ ಬೆಲೆ ನೋಡೋಕೆ ಕೇಳಿದರು ಅಂದುಕೊಳ್ಳುತ್ತಾರೆ, ಕೆಟ್ಟಿದೆ ಅಂದರೆ ನಾನು ಕೊಟ್ಟಿದ್ದನ್ನು ಹೀಗಳೆದರು ಅಂದುಕೊಳ್ಳುತ್ತಾರೆ ಅನ್ನುವ ಭಯ. ಅದಕ್ಕೆ ಹೀಗೆ ಕೇಳಿ: 'ಮಾವ, ಮಿಕ್ಸಿಯ ವಾರಂಟಿ ರಿಜಿಸ್ಟರ್ ಮಾಡಿಸಬೇಕು. ಬಿಲ್ ಫೋಟೋ ಬೇಕಂತೆ, ಕಳಿಸ್ತೀರಾ?' ಇದರಲ್ಲಿ ಸುಳ್ಳೇನೂ ಇಲ್ಲ. ವಾರಂಟಿ ಕೆಲಸಕ್ಕೆ ಬಿಲ್ ಬೇಕೇ ಬೇಕು. ನೀವು ಕೇಳುವುದಕ್ಕಿಂತ ಯಜಮಾನರೇ ಕೇಳಿದರೆ ಇನ್ನೂ ಸಲೀಸು. ಇನ್ನೊಂದು ಮಾತು. ನನ್ನ ಅನುಭವದಲ್ಲಿ, ಕೊಟ್ಟ ವಸ್ತು ಕೆಟ್ಟಿದೆ ಅಂತ ಗೊತ್ತಾದರೆ ಹಿರಿಯರಿಗೆ ಸಿಟ್ಟು ಬರುವುದು ಅಂಗಡಿಯವನ ಮೇಲೆ, ನಿಮ್ಮ ಮೇಲಲ್ಲ. 'ನಾನೇ ಮಾತಾಡ್ತೀನಿ ಇರಮ್ಮ' ಅಂತ ಅವರೇ ಫೋನ್ ಎತ್ತಿಕೊಂಡರೂ ಆಶ್ಚರ್ಯ ಇಲ್ಲ.

ಅವರು ಬಿಲ್ ಕಳೆದುಕೊಂಡಿದ್ದರೆ? ಆಗಲೂ ದಾರಿ ಇದೆ. ಬಿಲ್ ಒಂದೇ ಸಾಕ್ಷಿ ಅಂತ ಕಾಯ್ದೆ ಹೇಳುವುದಿಲ್ಲ. ಅವರು ಫೋನ್‌ಪೇಯಲ್ಲೋ ಗೂಗಲ್‌ಪೇಯಲ್ಲೋ ಕೊಟ್ಟಿದ್ದರೆ ಅದರ ದಾಖಲೆ ಫೋನಿನಲ್ಲೇ ಇರುತ್ತದೆ. ಬಿಲ್ ಮಾಡುವಾಗ ಮೊಬೈಲ್ ನಂಬರ್ ಕೊಟ್ಟಿದ್ದರೆ ಅಂಗಡಿಯ ಕಂಪ್ಯೂಟರಿನಲ್ಲಿ ಅದೇ ನಂಬರ್ ಹಾಕಿ ಬಿಲ್ ತೆಗೆಯಬಹುದು. ವಾರಂಟಿ ಕಾರ್ಡಿನ ಮೇಲೆ ಅಂಗಡಿಯ ಸೀಲು, ದಿನಾಂಕ ಇದ್ದರೆ ಅದೂ ಸಾಕ್ಷಿ. ಮಿಕ್ಸಿಯ ಸೀರಿಯಲ್ ನಂಬರ್ ನೋಡಿ ಅದನ್ನು ಯಾವ ಡೀಲರ್‌ಗೆ ಕಳಿಸಿದ್ದು ಅಂತ ಎಷ್ಟೋ ಕಂಪನಿಗಳು ಪತ್ತೆ ಮಾಡಬಲ್ಲವು. ಅಂಗಡಿಯವರು ಬಿಲ್ಲೇ ಕೊಟ್ಟಿರಲಿಲ್ಲ ಅಂತಾದರೆ ಅದು ಅವರ ತಪ್ಪು. ಬಿಲ್ ಕೊಡದಿರುವುದೂ ಸೆಕ್ಷನ್ 2(47)ರಲ್ಲಿ ಅನುಚಿತ ವ್ಯಾಪಾರ ಪದ್ಧತಿಯೇ. ಸಾಧ್ಯವಾದರೆ ಮಾವನವರಿಂದ ಎರಡು ಸಾಲು ಬರೆಸಿಕೊಳ್ಳಿ: ಇಂಥ ದಿನ ಇಂಥ ಅಂಗಡಿಯಲ್ಲಿ ನಾನು ಕೊಂಡ ಮಿಕ್ಸಿಯನ್ನು ಇವರಿಗೆ ಉಡುಗೊರೆಯಾಗಿ ಕೊಟ್ಟಿದ್ದೇನೆ ಅಂತ. ಕೆಳಗೆ ಸಹಿ. ಸ್ಟಾಂಪ್ ಪೇಪರ್ ಬೇಡ, ನೋಟರಿ ಬೇಡ. 'ನೀವ್ಯಾರು' ಅನ್ನುವ ಪ್ರಶ್ನೆ ಅಲ್ಲಿಗೆ ಮುಗಿಯುತ್ತದೆ.

ನೀವು ಏನು ಕೇಳಬಹುದು ಅನ್ನುವುದರಲ್ಲಿ ಸ್ವಲ್ಪ ವಿವೇಕ ಬೇಕು. ಕೆಟ್ಟ ತಕ್ಷಣ ಹೊಸದೇ ಕೊಡಬೇಕು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ನ್ಯಾಯಾಲಯಗಳು ಯಾವಾಗಲೂ ಹಾಗೆ ನೋಡುವುದಿಲ್ಲ. 2006ರಲ್ಲಿ ಒಂದು ಕಾರಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿದ್ದು ಇದನ್ನೇ. ವಾರಂಟಿಯಲ್ಲಿ ದೋಷವಿರುವ ಭಾಗವನ್ನು ಬದಲಾಯಿಸುತ್ತೇವೆ ಅಂತಿದ್ದರೆ ಇಡೀ ಕಾರನ್ನೇ ಬದಲಾಯಿಸಿ ಅಂತ ಆದೇಶ ಮಾಡಲಾಗದು ಅಂತ. ನಿಮ್ಮ ಮಿಕ್ಸಿ ಎರಡು ವಾರಕ್ಕೇ ನಿಂತಿದೆ, ಹಾಗಾಗಿ ಬದಲಿ ಅಥವಾ ಹಣ ಅಂತಲೇ ಕೇಳಿ. ಅವರು ರಿಪೇರಿ ಅಂದರೆ ಒಪ್ಪಬಹುದು. ಆದರೆ ಪ್ರತಿ ಸಲ ಸರ್ವಿಸ್ ಸೆಂಟರಿನ ಜಾಬ್ ಶೀಟ್ ತೆಗೆದುಕೊಳ್ಳದೆ ಮಿಕ್ಸಿ ಬಿಟ್ಟುಬರಬೇಡಿ. ಏನು ತೊಂದರೆ, ಯಾವ ದಿನ ಕೊಟ್ಟಿದ್ದು ಅಂತ ಅದರಲ್ಲಿ ಇರಬೇಕು. ಮೂರು ಸಲ ಅದೇ ತೊಂದರೆಗೆ ಜಾಬ್ ಶೀಟ್ ಇದ್ದರೆ, ಇದು ರಿಪೇರಿಯಿಂದ ಸರಿಹೋಗುವ ಮಾಲಲ್ಲ ಅಂತ ನೀವು ವಾದ ಮಾಡಬೇಕಾಗಿಲ್ಲ, ಆ ಕಾಗದಗಳೇ ಹೇಳುತ್ತವೆ.

ಪತ್ರ ಹೇಗೆ ಬರೆಯೋದು ಅಂತ ಯೋಚಿಸಬೇಡಿ. ಕನ್ನಡದಲ್ಲೇ ಬರೆಯಿರಿ, ಇಷ್ಟು ಸಾಕು:

'ತಮ್ಮ ಅಂಗಡಿಯಲ್ಲಿ ಇಂಥ ದಿನಾಂಕದಂದು ಇಂಥ ಬಿಲ್ ನಂಬರಿನಲ್ಲಿ ಕೊಂಡ, ಈ ಸೀರಿಯಲ್ ನಂಬರಿನ ಮಿಕ್ಸಿಯನ್ನು ಇಂಥವರು ನನಗೆ ಉಡುಗೊರೆಯಾಗಿ ಕೊಟ್ಟಿದ್ದಾರೆ. ಇಂಥ ದಿನ ಬಳಸುವಾಗ ಸುಟ್ಟ ವಾಸನೆ ಬಂದು ನಿಂತಿದೆ. ಇಂಥ ದಿನ ಅಂಗಡಿಗೆ ತಂದಾಗ ತಾವು ಪಡೆಯಲಿಲ್ಲ. ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ ಸೆಕ್ಷನ್ 2(7)ರ ಪ್ರಕಾರ ನಾನು ಗ್ರಾಹಕಳು. ಈ ಪತ್ರ ತಲುಪಿದ 15 ದಿನದೊಳಗೆ ಬೇರೆ ಮಿಕ್ಸಿ ಕೊಡಬೇಕು, ಇಲ್ಲವೇ ಬೆಲೆಯನ್ನು ವಾಪಸ್ ಮಾಡಬೇಕು. ತಪ್ಪಿದರೆ ಗ್ರಾಹಕರ ಆಯೋಗಕ್ಕೆ ದೂರು ಕೊಡುತ್ತೇನೆ.'

ಅಂಗಡಿಗೊಂದು, ಕಂಪನಿಗೊಂದು ಸ್ಪೀಡ್ ಪೋಸ್ಟ್ ಮಾಡಿ. ಕಂಪನಿಯ ವಿಳಾಸ, ಗ್ರಾಹಕರ ದೂರಿನ ನಂಬರ್ ಡಬ್ಬದ ಮೇಲೇ ಇರುತ್ತದೆ. ಪ್ಯಾಕ್ ಮಾಡಿದ ಸಾಮಾನಿನ ಮೇಲೆ ಅದನ್ನು ಅಚ್ಚು ಹಾಕುವುದು ಕಡ್ಡಾಯ. ಪೋಸ್ಟ್ ಆಫೀಸಿನ ರಸೀದಿಯನ್ನು ಪತ್ರದ ಪ್ರತಿಗೆ ಪಿನ್ ಮಾಡಿ ಇಡಿ.

ಇದರ ಜೊತೆಗೆ 1915ಕ್ಕೆ ಫೋನ್ ಮಾಡಿ. ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಬೆಳಿಗ್ಗೆ ಎಂಟರಿಂದ ರಾತ್ರಿ ಎಂಟರವರೆಗೆ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಅದು ಕೋರ್ಟಲ್ಲ, ಯಾರಿಗೂ ಆದೇಶ ಮಾಡುವುದಿಲ್ಲ. ನಿಮ್ಮ ದೂರನ್ನು ಕಂಪನಿಗೆ ದಾಟಿಸಿ ಉತ್ತರ ತರಿಸುತ್ತದೆ. ದೊಡ್ಡ ಬ್ರ್ಯಾಂಡುಗಳಿಗೆ, ಆನ್‌ಲೈನ್ ಮಳಿಗೆಗಳಿಗೆ ಇದು ಚೆನ್ನಾಗಿ ಕೆಲಸ ಮಾಡುತ್ತದೆ. ಒಂದೇ ಬಾಗಿಲಿನ ಅಂಗಡಿಯವರ ಮೇಲೆ ಅಷ್ಟು ಪರಿಣಾಮ ಇಲ್ಲ. ಹಾಗಾಗಿ ಮಿಕ್ಸಿಯ ಕಂಪನಿ ಮೇಲೂ ದೂರು ಬರೆಸಿ.

ಇಷ್ಟಕ್ಕೂ ಬಗ್ಗದಿದ್ದರೆ ಜಿಲ್ಲಾ ಗ್ರಾಹಕರ ವ್ಯಾಜ್ಯ ಪರಿಹಾರ ಆಯೋಗ. ಜನ ಕನ್ಸ್ಯೂಮರ್ ಕೋರ್ಟ್ ಅಂತಾರಲ್ಲ, ಅದೇ. ಇಲ್ಲಿ ನಿಮಗೊಂದು ಅನುಕೂಲ ಇದೆ. ಹಿಂದೆ ಸಾಮಾನ್ಯವಾಗಿ ಅಂಗಡಿ ಇರುವ ಊರಿನಲ್ಲೇ ದೂರು ಹಾಕಬೇಕಿತ್ತು. 2019ರ ಕಾಯ್ದೆ ಬಂದ ಮೇಲೆ ದೂರುದಾರರು ವಾಸ ಇರುವ ಜಿಲ್ಲೆಯಲ್ಲೇ ಹಾಕಬಹುದು. ಅಂಗಡಿ ಮೈಸೂರಿನಲ್ಲಿದ್ದರೂ ನೀವು ಮಂಡ್ಯದ ಆಯೋಗಕ್ಕೇ ಹೋಗಬಹುದು, ಅಂಗಡಿಯವರು ಮಂಡ್ಯಕ್ಕೆ ಬರಬೇಕು. ಈ ಒಂದು ಮಾತನ್ನು ಪತ್ರದಲ್ಲಿ ಸೇರಿಸಿದರೂ ಕೆಲವರು ಮೆತ್ತಗಾಗುತ್ತಾರೆ. ಕೊಂಡ ಬೆಲೆ 5 ಲಕ್ಷ ರೂಪಾಯಿವರೆಗೆ ಇದ್ದರೆ ಶುಲ್ಕ ಇಲ್ಲ. ವಕೀಲರು ಬೇಕೇ ಬೇಕು ಅಂತಿಲ್ಲ. ಸರ್ಕಾರದ ಇ-ಜಾಗೃತಿ ವೆಬ್‌ಸೈಟಿನಲ್ಲಿ ಮನೆಯಿಂದಲೇ ದೂರು ಸಲ್ಲಿಸಬಹುದು. ಬರೆಯೋಕೆ ಯಾರಾದರೂ ಸಹಾಯ ಮಾಡಲಿ ಅಂದರೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗಿ. ಹೆಂಗಸರಿಗೆ ಆದಾಯ ಎಷ್ಟೇ ಇರಲಿ, ಅಲ್ಲಿ ಉಚಿತವಾಗಿ ವಕೀಲರ ನೆರವು ಸಿಗುತ್ತದೆ. ಇದು ಬಹಳ ಜನಕ್ಕೆ ಗೊತ್ತಿಲ್ಲ.

ದೂರು ಹಾಕೋಕೆ ಎರಡು ವರ್ಷ ಸಮಯ ಇದೆ. ಆ 30 ದಿನ ದಾಟಿದರೂ ಎಲ್ಲ ಮುಗಿಯಿತು ಅಂತಲ್ಲ. ವಾರಂಟಿ ಇರುತ್ತದೆ, ಈ ಎರಡು ವರ್ಷ ಇರುತ್ತದೆ. ಆಯೋಗ ಮೂರು ತಿಂಗಳಲ್ಲಿ ತೀರ್ಮಾನ ಮಾಡಬೇಕು, ವಸ್ತುವನ್ನು ಲ್ಯಾಬಿಗೆ ಕಳಿಸಿ ಪರೀಕ್ಷೆ ಮಾಡಿಸಬೇಕಾದರೆ ಐದು ತಿಂಗಳು ಅಂತ ಕಾಯ್ದೆಯಲ್ಲಿದೆ. ವಾಸ್ತವದಲ್ಲಿ ಅದಕ್ಕಿಂತ ಜಾಸ್ತಿ ಹಿಡಿಯುವುದುಂಟು. ಒಂದು ಮಿಕ್ಸಿಗೆ ಅಷ್ಟು ಓಡಾಟ ಬೇಕಾ ಅಂತ ನೀವೇ ತೂಗಿ ನೋಡಿ. ಫ್ರಿಜ್ಜು, ವಾಷಿಂಗ್ ಮೆಷೀನು ಆಗಿದ್ದರೆ ನಾನು ಖಂಡಿತ ಹಾಕಿ ಅನ್ನುತ್ತಿದ್ದೆ. ಮಿಕ್ಸಿಗೆ ಮೊದಲು ಪತ್ರ ಮತ್ತು 1915ರ ದಾರಿ ಹಿಡಿಯಿರಿ.

ಮುಯ್ಯಿಯಲ್ಲಿ ಕುಕ್ಕರ್ ಬಂದೇ ಇರುತ್ತದೆ, ಒಂದಲ್ಲ ನಾಲ್ಕು. ಅವುಗಳ ಮೇಲೆ ಐಎಸ್ಐ ಗುರುತು ಇದೆಯಾ ನೋಡಿ. 2021ರ ಫೆಬ್ರವರಿ 1ರಿಂದ ಮನೆ ಬಳಕೆಯ ಪ್ರೆಶರ್ ಕುಕ್ಕರ್‌ಗೆ ಅದು ಕಡ್ಡಾಯ. ಗುರುತಿಲ್ಲದ ಕುಕ್ಕರ್ ಮಾರಲು ಬಿಟ್ಟಿದ್ದಕ್ಕೆ 2022ರಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಎರಡು ದೊಡ್ಡ ಆನ್‌ಲೈನ್ ಮಳಿಗೆಗಳಿಗೆ ತಲಾ 1 ಲಕ್ಷ ರೂಪಾಯಿ ದಂಡ ಹಾಕಿ, ಕೊಂಡವರಿಗೆ ತಿಳಿಸಿ ಕುಕ್ಕರ್ ವಾಪಸ್ ಪಡೆದು ಹಣ ಕೊಡಿ ಅಂತ ಆದೇಶ ಮಾಡಿತ್ತು. ಗುರುತಿಲ್ಲದ್ದು ಸಿಕ್ಕರೆ ಒಲೆಯ ಮೇಲೆ ಇಡಬೇಡಿ. ಮಕ್ಕಳಿಗೆ ಬಂದ ಆಟದ ಸಾಮಾನಿಗೂ 2021ರಿಂದ ಇದೇ ಗುರುತು ಕಡ್ಡಾಯ.

ಸೀರೆ ವಿಷಯದಲ್ಲಿ ನಾನು ನಿಮಗೆ ಇಷ್ಟವಾಗುವ ಉತ್ತರ ಕೊಡಲಾರೆ. ಬಣ್ಣ ಒಪ್ಪಲಿಲ್ಲ, ಇದೇ ಥರದ್ದು ಮನೆಯಲ್ಲಿದೆ, ಅಳತೆ ಸರಿಯಿಲ್ಲ ಅನ್ನುವುದು ಸೀರೆಯ ದೋಷ ಅಲ್ಲ. ಇಂಥದ್ದನ್ನು ವಾಪಸ್ ಪಡೆಯಲೇಬೇಕು ಅಂತ ನಮ್ಮ ಕಾನೂನಿನಲ್ಲಿ ಇಲ್ಲ. ಅಂಗಡಿಯವರು ಬದಲಾಯಿಸಿ ಕೊಡುತ್ತಾರೆ ಅಂದರೆ ಅದು ವ್ಯಾಪಾರದ ವಿಶ್ವಾಸ. ಹಾಗಾಗಿ ಮಿಕ್ಸಿ ಅಂಗಡಿಯಲ್ಲಿ ಮಾತಾಡುವ ಧಾಟಿಯಲ್ಲಿ ಸೀರೆ ಅಂಗಡಿಯಲ್ಲಿ ಮಾತಾಡಬೇಡಿ. ಅಲ್ಲಿ ಸೆಕ್ಷನ್ ಹೇಳಬೇಕು, ಇಲ್ಲಿ 'ಸ್ವಲ್ಪ ಸಹಾಯ ಮಾಡಿ' ಅನ್ನಬೇಕು.

ಒಂದು ವಿನಾಯಿತಿ ಇದೆ. ಏಳು ದಿನದಲ್ಲಿ, ಹದಿನೈದು ದಿನದಲ್ಲಿ ಬದಲಾಯಿಸಿಕೊಡುತ್ತೇವೆ ಅಂತ ಬಿಲ್ಲಿನ ಮೇಲೆ ಅಚ್ಚಾಗಿದ್ದರೆ, ಅಥವಾ ಅಂಗಡಿಯಲ್ಲಿ ಬೋರ್ಡು ಹಾಕಿದ್ದರೆ, ಅದು ಅವರು ಕೊಟ್ಟ ಮಾತು. ಆ ಮಾತಿಗೆ ತಪ್ಪುವಂತಿಲ್ಲ. ನಾದಿನಿಯವರನ್ನು ಕೇಳಿ ಬಿಲ್ ನೋಡಿ. ಇಲ್ಲಿ ಬಿಲ್ ಕೇಳುವುದು ಮಾವನವರನ್ನು ಕೇಳಿದಷ್ಟು ಕಷ್ಟ ಆಗಲಾರದು ಅಂದುಕೊಳ್ಳುತ್ತೇನೆ. 'ಬಣ್ಣ ಬದಲಾಯಿಸಿಕೊಳ್ಳಲಾ?' ಅಂತ ಅವರನ್ನೇ ನೇರ ಕೇಳಿ, ಸಾಧ್ಯವಾದರೆ ಅವರನ್ನೇ ಜೊತೆಗೆ ಕರೆದುಕೊಂಡು ಹೋಗಿ. ಕೊಂಡವರ ಮುಖ ಕಂಡರೆ ಅಂಗಡಿಯವರೂ ಬೇಗ ಒಪ್ಪುತ್ತಾರೆ.

ಅಲ್ಲಿವರೆಗೆ ಸೀರೆಯ ಮಡಿಕೆ ಬಿಚ್ಚಬೇಡಿ. ಬೆಲೆಯ ಚೀಟಿ ಕಿತ್ತಿರಬಾರದು. ಫಾಲ್ಸ್ ಹಾಕಿಸಿ, ಕುಚ್ಚು ಕಟ್ಟಿಸಿ, ರವಿಕೆ ಬಟ್ಟೆ ಕತ್ತರಿಸಿದ ಮೇಲೆ ಯಾರೂ ಬದಲಾಯಿಸಿ ಕೊಡುವುದಿಲ್ಲ, ಕೇಳುವುದೂ ಸರಿಯಲ್ಲ. ಪೂಜೆಗೆ ಉಟ್ಟು, ಇಸ್ತ್ರಿ ಮಾಡಿಸಿ, ಮತ್ತೆ ಅಂಗಡಿಗೆ ತರುವವರೂ ಇದ್ದಾರೆ. ಕುಂಕುಮದ ಗುರುತು, ಊದುಬತ್ತಿ ವಾಸನೆ ಅಂಗಡಿಯವರಿಗೆ ಗೊತ್ತಾಗದೇ ಇರುತ್ತದೆಯೇ? ಇಂಥವರಿಂದಲೇ ಎಷ್ಟೋ ಅಂಗಡಿಗಳು 'ಮಾರಿದ ಮಾಲು ವಾಪಸ್ ಇಲ್ಲ' ಅಂತ ಬೋರ್ಡು ಹಾಕಿರುವುದು. ಆ ಬೋರ್ಡಿನ ಬಗ್ಗೆಯೂ ಹೇಳಿಬಿಡುತ್ತೇನೆ. ಇಷ್ಟವಾಗದ ಮಾಲಿಗೆ ಅದು ನಡೆಯುತ್ತದೆ. ದೋಷವಿರುವ ಮಾಲಿಗೆ ನಡೆಯುವುದಿಲ್ಲ. ಆಷಾಢದ ರಿಯಾಯಿತಿಯಲ್ಲಿ ಕೊಂಡಿದ್ದರೂ ಅಷ್ಟೇ. ಇಲ್ಲಿ ಸಣ್ಣ ತೂತಿದೆ, ಅದಕ್ಕೇ ಬೆಲೆ ಕಡಿಮೆ ಅಂತ ತೋರಿಸಿಯೇ ಮಾರಿದ್ದರೆ ಮಾತು ಬೇರೆ.

ಬದಲಿ ಕೊಡಲು ಒಪ್ಪಿದವರು ಹೆಚ್ಚಾಗಿ ಹಣ ಕೊಡುವುದಿಲ್ಲ, ಅಷ್ಟೇ ಬೆಲೆಗೆ ಅದೇ ಅಂಗಡಿಯಲ್ಲಿ ಬೇರೆ ಕೊಳ್ಳಬಹುದಾದ ಚೀಟಿ, ಅಂದರೆ ಕ್ರೆಡಿಟ್ ನೋಟ್ ಕೊಡುತ್ತಾರೆ. ಇಷ್ಟವಾಗದ ಸೀರೆಗೆ ಅದನ್ನು ಒಪ್ಪಿಕೊಳ್ಳಿ, ಆದರೆ ಅವಧಿ ಎಷ್ಟು ಅಂತ ನೋಡಿ. ಬೇರೆ ಸೀರೆ ಅವತ್ತೇ ಆರಿಸಿಕೊಂಡರೆ ಇನ್ನೂ ಒಳ್ಳೆಯದು. ಆ ಚೀಟಿ ಪರ್ಸಿನಲ್ಲಿ ಸೇರಿ ಅವಧಿ ಮುಗಿಯುವುದು ನಮ್ಮೆಲ್ಲರ ಮನೆಯಲ್ಲೂ ಆಗುವ ಕಥೆ. ದೋಷವಿರುವ ಮಾಲಿಗೆ ಮಾತ್ರ ಕ್ರೆಡಿಟ್ ನೋಟ್ ಬೇಡ, ಹಣ ಬೇಕು ಅಂತ ಹಠ ಹಿಡಿಯಬಹುದು.

ಸೀರೆಯನ್ನು ಏನು ಅಂತ ಹೇಳಿ ಮಾರಿದ್ದಾರೆ ಅನ್ನುವುದನ್ನೂ ಬಿಲ್ಲಿನಲ್ಲಿ ನೋಡಿ. 'ಮೈಸೂರು ಸಿಲ್ಕ್' ಅಂತ ಬರೆದಿದ್ದರೆ ಅದು ಮೈಸೂರು ಸಿಲ್ಕೇ ಆಗಿರಬೇಕು. 1912ರಲ್ಲಿ ಮಹಾರಾಜರ ಕಾಲದಲ್ಲಿ ಶುರುವಾದ ಮೈಸೂರಿನ ನೇಯ್ಗೆ ಕಾರ್ಖಾನೆ ಈಗ ರಾಜ್ಯ ಸರ್ಕಾರದ ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮದ (ಕೆಎಸ್ಐಸಿ) ಕೈಯಲ್ಲಿದೆ. ಅವರ ಸೀರೆಗಳಿಗೆ ಗುರುತಿನ ಸಂಖ್ಯೆ, ಹೊಲೊಗ್ರಾಂ ಇರುತ್ತವೆ. ಮೈಸೂರು ಸಿಲ್ಕ್‌ಗೆ ಭೌಗೋಳಿಕ ಸೂಚಿಕೆಯ (ಆ ಊರಿನ ಮಾಲಿಗೆ ಮಾತ್ರ ಆ ಹೆಸರು ಅನ್ನುವ) ರಕ್ಷಣೆಯೂ ಇದೆ. ಬೇರೆ ಅಂಗಡಿಯ ರೇಷ್ಮೆ ಸೀರೆಯಾದರೆ ಕೇಂದ್ರ ರೇಷ್ಮೆ ಮಂಡಳಿ ಪ್ರೋತ್ಸಾಹದ ಸಿಲ್ಕ್ ಮಾರ್ಕ್ ಚೀಟಿ ಇದೆಯಾ ನೋಡಿ. ಆ ಚೀಟಿ ಕಡ್ಡಾಯವಲ್ಲ, ಇದ್ದರೆ ಶುದ್ಧ ರೇಷ್ಮೆ ಅನ್ನುವುದಕ್ಕೆ ಆಧಾರ. ಶುದ್ಧ ರೇಷ್ಮೆ ಅಂತ ಬಿಲ್ ಹಾಕಿ ಕೃತಕ ದಾರದ್ದು ಕೊಟ್ಟಿದ್ದರೆ ಬಣ್ಣದ ಮಾತೇ ಬೇಡ. ಅದು ಸುಳ್ಳು ಹೇಳಿ ಮಾರಿದ್ದು, ಮಿಕ್ಸಿಗೆ ಹೇಳಿದ ದಾರಿಯೆಲ್ಲ ಅದಕ್ಕೂ ತೆರೆಯುತ್ತದೆ.

ಕೊನೆಗೆ ಬೆಳ್ಳಿ ದೀಪ. ದೀಪದಲ್ಲಿ ದೋಷ ಇಲ್ಲದಿದ್ದರೆ ಮಜೂರಿ ಕಳೆಯುವುದು ತಪ್ಪಲ್ಲ. ಮೈಸೂರಿನ ಅಶೋಕ ರಸ್ತೆಯಲ್ಲಿ ಹತ್ತು ಅಂಗಡಿ ಕೇಳಿದರೂ ಹೆಚ್ಚು ಕಡಿಮೆ ಇದೇ ಉತ್ತರ ಬರುತ್ತದೆ. ಅವರಿಗೆ ಅದು ಹಳೆ ಬೆಳ್ಳಿ ಕೊಂಡ ಲೆಕ್ಕ. ಕೊಂಡ ಅಂಗಡಿಯಲ್ಲೇ ಬೇರೆ ಬೆಳ್ಳಿ ಸಾಮಾನಿಗೆ ಬದಲಾಯಿಸುತ್ತೇನೆ ಅಂದರೆ ಕಳೆಯುವುದನ್ನು ಕಡಿಮೆ ಮಾಡಿ ಅಂತ ಕೇಳಿ ನೋಡಬಹುದು. ಹಣವಾಗಿ ಕೇಳಿದರೆ ನಷ್ಟ ಜಾಸ್ತಿ. ಶುದ್ಧತೆ ಕಡಿಮೆ ಇದೆ ಅಂತ ಅನುಮಾನ ಬಂದರೆ ಆ ವಿಷಯ ಬೇರೆ, ಮೊದಲು ಪರೀಕ್ಷೆ ಮಾಡಿಸಿ. ಬೆಳ್ಳಿಗೆ ಹಾಲ್‌ಮಾರ್ಕ್ ಇನ್ನೂ ಕಡ್ಡಾಯ ಆಗಿಲ್ಲ. ಚಿನ್ನಕ್ಕೆ 2021ರ ಜೂನ್‌ನಿಂದ ಹಂತಹಂತವಾಗಿ ಕಡ್ಡಾಯ ಮಾಡುತ್ತಾ ಬಂದಿದ್ದಾರೆ, 2023ರ ಏಪ್ರಿಲ್ 1ರಿಂದ ಪ್ರತಿ ಒಡವೆಗೂ ಬೇರೆಬೇರೆಯಾದ, ಆರು ಅಕ್ಷರ-ಅಂಕಿಗಳ ಎಚ್‌ಯುಐಡಿ ಸಂಖ್ಯೆಯೂ ಬೇಕು. ಮುಯ್ಯಿಯಲ್ಲಿ ಚಿನ್ನದ ಉಂಗುರ ಬಂದಿದ್ದರೆ ಆ ಸಂಖ್ಯೆಯನ್ನು ಭಾರತೀಯ ಮಾನಕ ಬ್ಯೂರೋದ ಬಿಐಎಸ್ ಕೇರ್ ಆ್ಯಪಿನಲ್ಲಿ ಹಾಕಿ ನೋಡಿ. ಹಾಲ್‌ಮಾರ್ಕ್ ಹಾಕಿದ್ದಕ್ಕಿಂತ ಶುದ್ಧತೆ ಕಡಿಮೆ ಬಂದರೆ, ಮಾರಿದವರು ಕೊರತೆಯ ಮೊತ್ತದ ಎರಡರಷ್ಟು ಮತ್ತು ಪರೀಕ್ಷೆಯ ಖರ್ಚು ಕೊಡಬೇಕು ಅಂತ ನಿಯಮ ಇದೆ.

ನನ್ನನ್ನು ಕೇಳಿದರೆ ಆ ಇನ್ನೊಂದು ಜೊತೆ ದೀಪವನ್ನು ಮಾರುವುದೇ ಬೇಡ. ಮುಂದಿನ ಯಾರದ್ದೋ ಗೃಹಪ್ರವೇಶಕ್ಕೆ ಹಾಗೇ ಇಟ್ಟುಕೊಳ್ಳಿ. ಆದರೆ ತಳದಲ್ಲಿ ಕೊಟ್ಟವರ ಹೆಸರು ಕೆತ್ತಿಸಿದ್ದಾರಾ ಅಂತ ನೋಡಿ. ಯಾರು ಕೊಟ್ಟಿದ್ದು ಅಂತ ಮುಯ್ಯಿ ಪುಸ್ತಕದಲ್ಲಿ ಗುರುತು ಹಾಕಿಡಿ, ಅವರ ಮನೆಗೇ ತಿರುಗಿ ಹೋಗಬಾರದಲ್ಲ.